ಕೈಬೆರಳಿನ ಬೇನೆ: ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ

ನಂಜನಗೂಡು ತಾಲೂಕಿನ ಹದಿನಾರು ಗ್ರಾಮಕ್ಕೆ ಚಳಿಗಾಲದಲ್ಲಿ ದೂರದ ನೆಂಟರು ಬರುತ್ತಾರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿನ ಕೆರೆಗೆ ಇಳಿಯುತ್ತವೆ. ಅವನ್ನು ನೋಡಲು ಮೈಸೂರಿನಿಂದ ಕ್ಯಾಮೆರಾ ಹಿಡಿದವರು ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತಾರೆ. ಅದೇ ಚಳಿಯ ಬೆಳಗ್ಗೆ ಊರೊಳಗಿನ ಮನೆಗಳಲ್ಲಿ ನಡೆಯುವುದನ್ನು ಮಾತ್ರ ಯಾರೂ ಬಂದು ನೋಡುವುದಿಲ್ಲ. ಒಲೆ ಹಚ್ಚಬೇಕಾದ ಹೆಂಗಸು ಕಡ್ಡಿಪೆಟ್ಟಿಗೆ ಹಿಡಿಯಲಾಗದೆ ಬೆರಳು ತಿಕ್ಕಿಕೊಳ್ಳುತ್ತಾ ಕೂರುತ್ತಾಳೆ. ‘ಬೆರಳು ಮಡಚಕ್ಕೇ ಆಗಲ್ಲ ಕಣಪ್ಪ, ಬಿಸಿಲು ಬಂದ ಮೇಲೆ ಸರಿ ಹೋಯ್ತದೆ’ ಎನ್ನುವುದು ಕಪಿಲಾ ತೀರದ ಮಾತು. ನಮ್ಮ ಕರಾವಳಿಯಲ್ಲಿ ಇದೇ ಮಾತು ‘ಕೈ ಹಿಡ್ಕೊಂಡಿದೆ ಮಾರಾಯ್ರೆ, ಸ್ವಲ್ಪ ಹೊತ್ತಾದ್ರೆ ಬಿಡ್ತದೆ’ ಅಂತ ಆಗುತ್ತದೆ. ಭಾಷೆಯ ಧಾಟಿ ಬೇರೆ, ಬೇನೆ ಒಂದೇ.

ಈ ವಾರ ನಮ್ಮ ಪುಟ ಕರಾವಳಿ ಬಿಟ್ಟು ಹದಿನಾರಿನ ಕಡೆ ಹೊರಟಿರುವುದಕ್ಕೆ ಕಾರಣವಿದೆ. ವ್ಯಾಪಾರ, ಹೊಟೇಲು, ಓದು ಅಂತ ಮೈಸೂರು ಸೀಮೆಗೆ ಬಂದು ನೆಲೆಸಿದ ನಮ್ಮವರು ಬೇಕಷ್ಟಿದ್ದಾರೆ. ಅಲ್ಲಿನ ಕೆಲಸಕ್ಕೂ ನಮ್ಮ ಊರಿನ ಕೆಲಸಕ್ಕೂ ಒಂದು ಹೋಲಿಕೆ ಇದೆ. ಎರಡೂ ಕಡೆ ಮನೆ ನಡೆಯುವುದು ಹೆಂಗಸರ ಬೆರಳ ಮೇಲೆ. ಹದಿನಾರಿನ ಸುತ್ತ ಭತ್ತದ ನಾಟಿ, ಕಳೆ ಕೀಳುವುದು, ಕಬ್ಬು ಕಡಿಯುವುದು. ಪಕ್ಕದ ತಿ.ನರಸೀಪುರದಲ್ಲಿ ಮೈಸೂರು ರೇಷ್ಮೆ ಸೀರೆಗೆ ನೂಲು ಕೊಡುವ ಸರಕಾರಿ ಕಾರ್ಖಾನೆ ಇದೆ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಹುಡುಕಿ ತೆಗೆಯುವುದೆಂದರೆ ಬೆರಳ ತುದಿಯ ಕೆಲಸ. ಮೈಸೂರು ನಗರದ ಮೊಹಲ್ಲಾಗಳಲ್ಲಿ ಊದುಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು. ನಮ್ಮ ಉಳ್ಳಾಲ, ಬಂಟ್ವಾಳ, ಪುತ್ತೂರಿನ ಜಗಲಿಗಳಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತ ಉಮ್ಮಂದಿರನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಲೆಕ್ಕ ಹಾಕೋಣ. ಒಬ್ಬಾಕೆ ದಿನಕ್ಕೆ 500 ಬೀಡಿ ಕಟ್ಟುತ್ತಾಳೆ, ತಿಂಗಳಿಗೆ 25 ದಿನ ಕೂರುತ್ತಾಳೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಒಂದೂವರೆ ಲಕ್ಷ ಬೀಡಿ ಆಯಿತು. ಪ್ರತಿ ಬೀಡಿಗೂ ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಬೇಕು, ಹೊಸೆಯಬೇಕು, ತುದಿ ಮಡಚಬೇಕು, ನೂಲು ಸುತ್ತಬೇಕು. ಇಪ್ಪತ್ತು ವರ್ಷಕ್ಕೆ 30 ಲಕ್ಷ ಸಲ. ಚಿವುಟಿ ಹಿಡಿಯುವಾಗ ಬೆರಳ ತುದಿಯಲ್ಲಿ 1 ಕಿಲೋ ಒತ್ತಡ ಹಾಕಿದರೆ ಹೆಬ್ಬೆರಳ ಬುಡದ ಗಂಟಿನ ಮೇಲೆ 12 ಕಿಲೋವರೆಗೆ ಭಾರ ಬೀಳುತ್ತದೆ ಅಂತ ಕೈಯ ಯಂತ್ರಶಾಸ್ತ್ರ ಓದಿದವರು ಹೇಳುತ್ತಾರೆ. ಒಂದೊಂದು ಕೈಯಲ್ಲಿ 27 ಮೂಳೆಗಳಿವೆ. ಅಷ್ಟು ಸಣ್ಣ ಸಣ್ಣ ಗಂಟುಗಳು ಇಷ್ಟು ವರ್ಷ ಸಹಿಸಿಕೊಂಡು ಬಂದದ್ದೇ ದೊಡ್ಡದು.

ಎಲ್ಲವನ್ನೂ ‘ವಾಯು’ ಅಂದರೆ ಹೇಗೆ?

ನಮ್ಮಲ್ಲಿ ಕೈ ನೋವಿಗೆ ಇರುವುದು ಒಂದೇ ಹೆಸರು. ಘಟ್ಟದ ಮೇಲೆ ‘ವಾಯು’, ಕೆಳಗೆ ‘ವಾತ’. ಅದರ ಹಿಂದೆಯೇ ‘ವಯಸ್ಸಾಯ್ತಲ್ಲ’ ಎಂಬ ಮಾತು. ನಿಜಕ್ಕೂ ಗಂಟುನೋವು ಒಂದೇ ಕಾಯಿಲೆ ಅಲ್ಲ. ಕೈಗೆ ಬರುವುದರಲ್ಲಿ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಮನೆಯವರೆಲ್ಲ ಕಲಿತಿರಬೇಕು. ಯಾಕೆಂದರೆ ಒಂದಕ್ಕೆ ತಾಳ್ಮೆ ಸಾಕು, ಇನ್ನೊಂದಕ್ಕೆ ತಾಳ್ಮೆಯೇ ಶತ್ರು.

ಮೊದಲನೆಯದು ಸವೆತದ ನೋವು. ಡಾಕ್ಟರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಅನ್ನುತ್ತಾರೆ. ಮೂಳೆಗಳ ತುದಿಗೆ ಹೊದಿಸಿದ ಮೆದುವಾದ ಮೃದ್ವಸ್ಥಿ ತೆಳುವಾಗುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಹೆಚ್ಚು. ಉಗುರಿನ ಹತ್ತಿರದ ಗಂಟು, ಬೆರಳ ನಡುಗಂಟು, ಹೆಬ್ಬೆರಳ ಬುಡ, ಇವು ಅದಕ್ಕೆ ಇಷ್ಟದ ಜಾಗ. ಗಂಟಿನ ಪಕ್ಕದಲ್ಲಿ ಹುಣಸೆ ಬೀಜದ ಹಾಗೆ ಗಟ್ಟಿ ಉಬ್ಬು ಕಾಣಿಸುತ್ತದೆ. ಕೆಲಸ ಮಾಡಿದಷ್ಟೂ ನೋವು, ವಿಶ್ರಾಂತಿ ಕೊಟ್ಟರೆ ಕಡಿಮೆ. ಬೆಳಗ್ಗೆ ಬಿಗಿಯಾಗಿದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಆಯುರ್ವೇದದವರು ಆಮವಾತ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಇದು ಸವೆತವಲ್ಲ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ಪಡೆ ದಾರಿ ತಪ್ಪಿ ತನ್ನದೇ ಗಂಟುಗಳ ಒಳಪದರದ ಮೇಲೆ ಬೀಳುತ್ತದೆ. ಇದಕ್ಕೆ ಮುಪ್ಪು ಬರಬೇಕೆಂದೇನೂ ಇಲ್ಲ. ಮೂವತ್ತು, ನಲವತ್ತರ ಹೆಂಗಸರಲ್ಲೇ ಶುರುವಾಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಅಂಗೈ ಮತ್ತು ಬೆರಳು ಸೇರುವ ಗೆಣ್ಣು, ನಡುಗಂಟು, ಮಣಿಕಟ್ಟು ಊದಿಕೊಳ್ಳುತ್ತವೆ, ಸಾಮಾನ್ಯವಾಗಿ ಎರಡೂ ಕೈಯಲ್ಲಿ ಒಟ್ಟಿಗೆ. ಮುಟ್ಟಿದರೆ ಗಟ್ಟಿ ಉಬ್ಬಲ್ಲ, ಮೆತ್ತಗೆ, ಬೆಚ್ಚಗೆ ಇರುತ್ತದೆ. ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತದೆ. ಕೆಲಸ ಮಾಡುತ್ತಾ ಹೋದಂತೆ ಹಗುರ, ಸುಮ್ಮನೆ ಕೂತರೆ ಮತ್ತೆ ಬಿಗಿ. ಜತೆಗೆ ಕಾರಣವಿಲ್ಲದ ಸುಸ್ತು, ಸಣ್ಣ ಜ್ವರ, ಊಟ ಸೇರದಿರುವುದು.

ಹಾಗಾಗಿ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಬೆಳಗ್ಗೆ ಎದ್ದ ಮೇಲೆ ಕೈ ಬಿಡಲು ಎಷ್ಟು ಹೊತ್ತು ಬೇಕು? ಗೆಣ್ಣುಗಳು ಮೆತ್ತಗೆ ಊದಿವೆಯಾ? ಎರಡೂ ಕೈಯಲ್ಲಿ ಒಟ್ಟಿಗೆ ಇದೆಯಾ? ಉತ್ತರ ‘ತುಂಬ ಹೊತ್ತು, ಹೌದು, ಹೌದು’ ಅಂತ ಬಂದು, ಹೀಗೇ ಆರು ವಾರ ಕಳೆದಿದ್ದರೆ ಇನ್ನು ಎಣ್ಣೆ ಹಚ್ಚುತ್ತಾ ಕೂರುವ ಹೊತ್ತಲ್ಲ. ರುಮಟಾಯ್ಡ್‌ನಲ್ಲಿ ಮೂಳೆ ಕೊರೆಯುವ ಕೆಲಸ ಮೊದಲ ಎರಡು ವರ್ಷದೊಳಗೇ ಶುರುವಾಗುವುದು ಹೆಚ್ಚು. ಒಮ್ಮೆ ಕೊರೆದ ಮೂಳೆ, ಒಮ್ಮೆ ಓರೆಯಾದ ಬೆರಳು ಮೊದಲಿನಂತೆ ಆಗುವುದಿಲ್ಲ. ಆದರೆ ಆ ಮೊದಲೇ ಔಷಧಿ ಶುರು ಮಾಡಿದವರ ಕೈ ಹತ್ತಾರು ವರ್ಷ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ ಮರೆಯಬಾರದು. ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕವನ್ನೆಲ್ಲ ಮಲಗಿಸಿದ ಜ್ವರ 2008ರಲ್ಲಿ ದಕ್ಷಿಣ ಕನ್ನಡವನ್ನೂ ಹಣ್ಣು ಮಾಡಿತು. ಜ್ವರ ವಾರದಲ್ಲಿ ಬಿಟ್ಟರೂ ಗಂಟುನೋವು ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಜ್ವರದ ನಂತರ ಕೈ ಊತ ಮೂರು ತಿಂಗಳು ದಾಟಿದರೆ ಅದನ್ನೂ ಡಾಕ್ಟರಿಗೆ ತೋರಿಸಬೇಕು. ‘ಅದು ಆ ಜ್ವರದ್ದೇ’ ಅಂದುಕೊಂಡಿದ್ದು ಬೇರೆಯೇ ಆಗಿರಬಹುದು.

ಹೆಸರಿಲ್ಲದ ಪುಡಿ

ನಮ್ಮ ಉಮ್ಮನ ಅಕ್ಕ ಬೀಡಿ ಕಟ್ಟಿಯೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಗೆಣ್ಣುಗಳು ಊದಿದಾಗ ಯಾರೋ ಹೇಳಿದರು ಅಂತ ಒಂದು ಪುಡಿ ತರಿಸಿಕೊಂಡರು. ಕಾಗದದ ಪೊಟ್ಟಣ, ಮೇಲೆ ಹೆಸರಿಲ್ಲ, ಒಳಗೆ ಏನಿದೆ ಅಂತ ಬರೆದಿಲ್ಲ. ಎರಡೇ ದಿನದಲ್ಲಿ ಕೈ ಬಿಟ್ಟಿತು. ‘ದೊಡ್ಡ ಡಾಕ್ಟರಿಂದ ಆಗದ್ದು ಇದರಿಂದ ಆಯ್ತು’ ಅಂತ ನೆರೆಕೆರೆಗೆಲ್ಲ ಹೇಳಿದರು. ಮೂರು ವರ್ಷ ಯಾರಿಗೂ ಲೆಕ್ಕ ಕೊಡದೆ ತಿಂದರು. ಮುಖ ದುಂಡಗಾಯಿತು, ಮನೆಯವರು ‘ಮೈ ಕೈ ತುಂಬಿಕೊಂಡಿದ್ದಾರೆ’ ಅಂದರು. ಆಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಬಚ್ಚಲಲ್ಲಿ ಸಣ್ಣಗೆ ಜಾರಿದ್ದಕ್ಕೆ ಸೊಂಟದ ಮೂಳೆ ಮುರಿಯಿತು. ಅಷ್ಟರಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಯೂ ಆಗಿತ್ತು. ನೋವು ಮುಚ್ಚಿತ್ತು, ರೋಗ ಒಳಗೆ ತನ್ನ ಕೆಲಸ ಮಾಡುತ್ತಲೇ ಇತ್ತು.

ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಸ್ಟೀರಾಯ್ಡ್ ಕೆಟ್ಟ ವಸ್ತುವಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ರುಮಟಾಯ್ಡ್ ಇದ್ದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಕೊಟ್ಟರು. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದಾಕೆ ಕೆಲವೇ ದಿನದಲ್ಲಿ ನಡೆದರು. ಎರಡು ವರ್ಷ ಕಳೆಯುತ್ತಲೇ, 1950ರಲ್ಲಿ, ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಸಂಭ್ರಮದ ಬೆನ್ನಿಗೇ ತೊಂದರೆಗಳೂ ಬಂದವು. ದುಂಡು ಮುಖ, ಟೊಳ್ಳು ಮೂಳೆ, ಏರಿದ ಸಕ್ಕರೆ. ಅಂದಿನಿಂದ ಡಾಕ್ಟರು ಅದನ್ನು ಕಡಿಮೆ ಪ್ರಮಾಣದಲ್ಲಿ, ಆದಷ್ಟು ಕಡಿಮೆ ದಿನ, ಬೇರೆ ಔಷಧಿ ಹತ್ತುವವರೆಗಿನ ಸೇತುವೆಯಾಗಿ ಬಳಸಲು ಕಲಿತಿದ್ದಾರೆ. ಪುಡಿ ಮಾರುವವನಿಗೆ ಪ್ರಮಾಣವೂ ಗೊತ್ತಿಲ್ಲ, ನಿಮ್ಮ ಸಕ್ಕರೆಯೂ ಗೊತ್ತಿಲ್ಲ. ಒಂದು ಎಚ್ಚರಿಕೆ: ಇಂಥದ್ದನ್ನು ಬಹಳ ದಿನದಿಂದ ತಿನ್ನುತ್ತಿರುವವರು ಇದನ್ನು ಓದಿ ನಾಳೆಯೇ ದಿಢೀರ್ ಅಂತ ನಿಲ್ಲಿಸಬಾರದು. ಅದೂ ಅಪಾಯ. ಪೊಟ್ಟಣವನ್ನೇ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ, ಅವರು ಹಂತ ಹಂತವಾಗಿ ಬಿಡಿಸುತ್ತಾರೆ.

ವಾರಕ್ಕೊಂದೇ ದಿನದ ಮಾತ್ರೆ

ರುಮಟಾಯ್ಡ್ ಎಂಬ ಅನುಮಾನ ಬಂದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ: ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ. ಕೈಗಳ ಎಕ್ಸ್‌ರೇ ತೆಗೆಸುತ್ತಾರೆ. ಆರ್‌ಎ ಫ್ಯಾಕ್ಟರ್ ಇಲ್ಲ ಅಂತ ಬಂದ ಮಾತ್ರಕ್ಕೆ ಕಾಯಿಲೆಯೂ ಇಲ್ಲ ಅಂತಲ್ಲ. ಇದೆ ಅಂತ ಬಂದ ಮಾತ್ರಕ್ಕೆ ಕಾಯಿಲೆ ಖಾತ್ರಿ ಅಂತಲೂ ಅಲ್ಲ. ಕೈ ಮುಟ್ಟಿ ನೋಡುವ ಡಾಕ್ಟರ ತೀರ್ಮಾನವೇ ಮುಖ್ಯ.

ಬಹಳ ಮಂದಿಗೆ ಮೊದಲು ಕೊಡುವ ಔಷಧಿ ಮಿಥೋಟ್ರೆಕ್ಸೇಟ್. ಈ ಮಾತ್ರೆಯ ಹಿಂದೆ ನಮ್ಮ ನೆರೆರಾಜ್ಯದವರೊಬ್ಬರ ಹೆಸರಿದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ನಡೆಸಿದ ತಂಡವೇ ಫೋಲಿಕ್ ಆಮ್ಲವನ್ನೂ, ಅದನ್ನು ತಡೆಯುವ ಮಿಥೋಟ್ರೆಕ್ಸೇಟ್ ಅನ್ನೂ ತಯಾರಿಸಿದ್ದು. ಮೊದಲು ಕ್ಯಾನ್ಸರಿಗೆ ಬಂದ ಔಷಧಿ ಇದು. ಸಣ್ಣ ಪ್ರಮಾಣದಲ್ಲಿ ಗಂಟುಗಳಿಗೂ ಆಗುತ್ತದೆಂದು ಗೊತ್ತಾಗಿ, ಅಮೆರಿಕದಲ್ಲಿ 1988ರಲ್ಲಿ ರುಮಟಾಯ್ಡ್‌ಗೆ ಒಪ್ಪಿಗೆ ಸಿಕ್ಕಿತು.

ಇದರ ವಿಷಯದಲ್ಲಿ ಮನೆಮಂದಿಯೆಲ್ಲ ಬಾಯಿಪಾಠ ಮಾಡಬೇಕಾದ ಮಾತು ಒಂದಿದೆ. ಗಂಟುನೋವಿಗೆ ಕೊಡುವ ಮಿಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ಸತ್ತವರೂ ಇದ್ದಾರೆ. ವಾರದ ಒಂದು ದಿನ ಗೊತ್ತು ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಓದು ಬಾರದ ಹಿರಿಯರಿದ್ದರೆ ಆ ಮಾತ್ರೆಯನ್ನು ಬೇರೆ ಡಬ್ಬದಲ್ಲಿಟ್ಟು ಮನೆಯವರೇ ಕೊಡಿ. ಜತೆಗೆ ಡಾಕ್ಟರು ಹೇಳಿದ ದಿನ ಫೋಲಿಕ್ ಆಮ್ಲದ ಮಾತ್ರೆ. ಆಗಾಗ ಲಿವರ್, ರಕ್ತಕಣಗಳ ಪರೀಕ್ಷೆ. ಬಸುರಿಯಾಗುವ ಆಲೋಚನೆ ಇರುವವರು ಮೊದಲೇ ಹೇಳಬೇಕು, ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಇದು ಪುಡಿಯ ಹಾಗೆ ಎರಡು ದಿನದಲ್ಲಿ ಮಾಯ ಮಾಡುವುದಿಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ‘ಒಂದು ತಿಂಗಳು ತಿಂದೆ, ಏನೂ ಆಗಲಿಲ್ಲ’ ಅಂತ ಬಿಡುವವರೇ ಜಾಸ್ತಿ. ಅಲ್ಲೇ ಸೋಲುವುದು.

ಸವೆತದ ನೋವಿಗಾದರೆ ಸವೆದದ್ದನ್ನು ತುಂಬುವ ಮಾತ್ರೆ ಇನ್ನೂ ಬಂದಿಲ್ಲ. ನೋವು ಹಿಡಿತದಲ್ಲಿಡುವುದೇ ಚಿಕಿತ್ಸೆ. ಮೊದಲು ಹಚ್ಚುವ ಜೆಲ್. ಡೈಕ್ಲೋಫೆನಾಕ್ ಜೆಲ್ ಕೈ ಗಂಟುಗಳಿಗೆ ಒಳ್ಳೆಯ ಆರಂಭ, ಹೊಟ್ಟೆಗೆ ತ್ರಾಸ ಕಡಿಮೆ. ಅದೇ ಔಷಧಿಯ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆಹುಣ್ಣು, ಕಿಡ್ನಿಗೆ ಪೆಟ್ಟು, ಬಿ.ಪಿ. ಏರಿಕೆ ಎಲ್ಲಾ ಹಿಂದೆ ಬರುತ್ತವೆ. ಖಾಲಿ ಹೊಟ್ಟೆಗಂತೂ ಕೂಡದು. ಉಪವಾಸದ ತಿಂಗಳಲ್ಲಿ ಇದೇ ದೊಡ್ಡ ಪ್ರಶ್ನೆ. ರಮಝಾನ್‌ಗೆ ಎರಡು ಮೂರು ವಾರ ಮೊದಲೇ ಡಾಕ್ಟರಲ್ಲಿ ಕೇಳಿ, ಇಫ್ತಾರ್, ಸಹರಿಗೆ ಹೊಂದುವಂತೆ ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ. ತಾವೇ ಬಿಟ್ಟು ಈದ್ ಹೊತ್ತಿಗೆ ಕೈ ಎತ್ತಲಾಗದೆ ಕೂರುವುದು ಬೇಡ.

ಕೆಲಸ ಬಿಡುವುದಲ್ಲ, ಹಿಡಿಯುವ ರೀತಿ ಬದಲಿಸುವುದು

‘ರೆಸ್ಟ್ ತಗೊಳ್ಳಿ’ ಅನ್ನುವುದು ಸುಲಭ. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ ಇರುವಾಗ ಕೂತ ಕೈಗೆ ಕೂಲಿ ಕೊಡುವವರು ಯಾರು? ನಾಟಿಯ ಹೊತ್ತು ತಪ್ಪಿದರೆ ಗದ್ದೆ ಕಾಯುವುದಿಲ್ಲ. ಹಾಗಾಗಿ ದಾರಿ ಒಂದೇ. ಸಣ್ಣ ಗಂಟಿನ ಭಾರವನ್ನು ದೊಡ್ಡ ಗಂಟಿಗೆ ದಾಟಿಸಬೇಕು, ಚಿವುಟುವ ಕಡೆ ತಬ್ಬಬೇಕು.

ಸಾಮಾನಿನ ಚೀಲವನ್ನು ಬೆರಳಿಗೆ ಸಿಕ್ಕಿಸಬೇಡಿ, ಮೊಣಕೈಗೆ ಅಥವಾ ಹೆಗಲಿಗೆ ಹಾಕಿ. ಕೊಡ, ಪಾತ್ರೆಯನ್ನು ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಿ. ಕುಕ್ಕರು ಕೊಳ್ಳುವಾಗ ಎರಡು ಹಿಡಿ ಇರುವುದನ್ನೇ ನೋಡಿ. ಚಾಕು, ಕುಡುಗೋಲು, ಸೌಟಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಅಥವಾ ಬಟ್ಟೆ ಸುತ್ತಿ ದಪ್ಪ ಮಾಡಿ. ಹಿಡಿ ದಪ್ಪವಾದಷ್ಟೂ ಬೆರಳು ಬಿಗಿಯುವುದು ಕಡಿಮೆ. ಬಟ್ಟೆ ಹಿಂಡುವಾಗ ನಲ್ಲಿಗೆ ಸುತ್ತಿ ಒಂದೇ ಕಡೆ ತಿರುವಿ, ಇಲ್ಲವೇ ಹಿಂಡದೆ ನೀರು ಸೋರಲು ನೇತುಹಾಕಿ. ಹದಿನಾರಿನ ಕಡೆ ರಾಗಿಮುದ್ದೆ ತಿರುವುವ ಕೋಲನ್ನು ಒಂದು ಕೈಯಲ್ಲಿ ತಿರುವುವ ಬದಲು ಎರಡೂ ಕೈಯಲ್ಲಿ ಹಿಡಿದು ಭುಜದ ಬಲ ಹಾಕಿ, ಪಾತ್ರೆ ಅಲುಗದಂತೆ ಇನ್ನೊಬ್ಬರು ಹಿಡಿಯಲಿ. ನಮ್ಮ ಮನೆಗಳಲ್ಲಿ ಪತ್ತಿರ್ ತಟ್ಟುವುದು, ತೆಂಗಿನಕಾಯಿ ಹೆರೆಯುವುದು ದೊಡ್ಡ ಕೆಲಸ. ಒತ್ತುವ ಯಂತ್ರ, ತುರಿಯುವ ಯಂತ್ರ ಇದ್ದರೆ ಬಳಸಿ. ‘ಕೈಯಲ್ಲಿ ತಟ್ಟಿದ ರುಚಿ ಇದಕ್ಕಿಲ್ಲ’ ಅನ್ನುವ ಗಂಡಸರಿಗೆ ಒಂದು ದಿನ ತಟ್ಟಲು ಕೊಟ್ಟು ನೋಡಿ.

ಬೀಡಿ, ಊದುಬತ್ತಿ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಕೈ ಬಿಚ್ಚಿ. ಎಲೆ ಕತ್ತರಿಸುವುದು, ಕಟ್ಟುವುದು, ಬಂಡಲ್ ಮಾಡುವುದು, ಇವನ್ನು ಒಂದಾದ ಮೇಲೊಂದು ಬದಲಿಸುತ್ತಾ ಹೋದರೆ ಒಂದೇ ಗಂಟಿಗೆ ಪೆಟ್ಟು ಬೀಳುವುದಿಲ್ಲ. ಕತ್ತರಿ ಮೊಂಡಾಗಲು ಬಿಡಬೇಡಿ, ಮೊಂಡು ಕತ್ತರಿ ತಿನ್ನುವುದು ಹೆಬ್ಬೆರಳನ್ನೇ. ಹೆಬ್ಬೆರಳ ಬುಡ ನೋಯುವವರಿಗೆ ಬುಡವನ್ನು ಹಿಡಿದಿಡುವ ಪಟ್ಟಿ ಸಿಗುತ್ತದೆ. ಕೆಲವು ತಿಂಗಳು ಬಿಡದೆ ಹಾಕಿದವರಿಗೆ ನೋವು ಇಳಿಯುತ್ತದೆ. ಇನ್ನು ಬೀಡಿ ಕಟ್ಟುವ ಮನೆಯಲ್ಲಿ ಬೀಡಿ ಸೇದುವವರೂ ಇದ್ದರೆ ಒಂದು ಮಾತು: ಹೊಗೆ ರುಮಟಾಯ್ಡ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಬಂದದ್ದನ್ನು ಕೆರಳಿಸುತ್ತದೆ.

ಬೆಳಗ್ಗೆ ಒಂದು ಬೋಗುಣಿ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು, ನೀರೊಳಗೇ ನಿಧಾನ ಮುಷ್ಟಿ ಕಟ್ಟಿ ಬಿಚ್ಚಿ. ಫಜ್ರ್ ಹೊತ್ತಿನ ವುಝೂಗೂ ತಣ್ಣೀರಿನ ಬದಲು ಬಿಸಿನೀರು ಇಟ್ಟುಕೊಡಿ. ಆಮೇಲೆ ಹೆಬ್ಬೆರಳ ತುದಿಯನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಿ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಒಂದೊಂದೇ ಬೆರಳು ಎತ್ತಿ. ಒಂದೊಂದೂ ಹತ್ತು ಸಲ ಸಾಕು. ನೋವು ಸ್ವಲ್ಪ ಏರಿ ಬೇಗ ಇಳಿದರೆ ಸರಿ, ಎರಡು ಗಂಟೆ ಆದರೂ ಇಳಿಯದಿದ್ದರೆ ನಾಳೆ ಕಡಿಮೆ ಮಾಡಿ. ಗಂಟು ಕೆಂಪಗೆ ಕಾದು ಊದಿದ ದಿನ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ. ಆ ದಿನ ಎಳೆದು ತಿಕ್ಕುವುದೂ ಬೇಡ. ಸುಜೂದ್‌ನಲ್ಲಿ ಮಣಿಕಟ್ಟಿನ ಮೇಲೆ ಭಾರ ಹಾಕಲಾಗದವರು ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಬಗ್ಗೆ ಉಸ್ತಾದರಲ್ಲಿ ಕೇಳಿಕೊಳ್ಳಬಹುದು, ರೋಗಿಗಳಿಗೆ ರಿಯಾಯಿತಿ ಇದ್ದೇ ಇದೆ.

ತೋಳಿನ ನೋವೆಲ್ಲ ಗಂಟುನೋವಲ್ಲ

ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಹಗುರವಾಗುತ್ತದೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಹಾಕಿದರೇ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಬಿಟ್ಟರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಹಿಡಿದುಕೊಳ್ಳುವುದು, ಬೆರಳು ಮಡಚಿ ಸಿಕ್ಕಿಹಾಕಿಕೊಂಡು ಟಕ್ ಅಂತ ಬಿಚ್ಚುವುದು ಹೆಚ್ಚು. ಕುತ್ತಿಗೆಯ ನರದಿಂದಲೂ ತೋಳು ಸೆಳೆಯಬಹುದು. ಇನ್ನು ಎಡತೋಳಿನ ನೋವಿನ ಜತೆ ಎದೆ ಬಿಗಿತ, ಬೆವರು, ಉಸಿರು ಕಟ್ಟಿದ ಹಾಗೆ ಆದರೆ ಎಣ್ಣೆಯ ಬಾಟಲಿ ಹುಡುಕುತ್ತಾ ಕೂರಬೇಡಿ, ಅದು ಹೃದಯದ ಕರೆ. 108ಕ್ಕೆ ಫೋನ್ ಮಾಡಿ. ಒಂದೇ ಗಂಟು ಜ್ವರದ ಜತೆ ದಿಢೀರನೆ ಊದಿ ಕೆಂಪಾದರೂ ಅದೇ ದಿನ ಆಸ್ಪತ್ರೆ ಸೇರಬೇಕು, ಒಳಗೆ ಕೀವಾಗಿರಬಹುದು.

ಎಲ್ಲಿಗೆ ಹೋಗುವುದು?

ಕಪಿಲಾ ತೀರ ಮೊದಲಿಂದಲೂ ವೈದ್ಯಕ್ಕೆ ಹೆಸರಾದ ಜಾಗ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ಗುಣವಾಯಿತು, ಆತ ನಂಜುಂಡೇಶ್ವರನನ್ನು ‘ಹಕೀಮ್ ನಂಜುಂಡ’ ಅಂತ ಕರೆದು ಪಚ್ಚೆಯ ಲಿಂಗ ಕೊಟ್ಟ ಎಂಬ ಐತಿಹ್ಯ ನಂಜನಗೂಡಿನಲ್ಲಿ ಇಂದಿಗೂ ಬಾಯಲ್ಲಿದೆ. ಹಕೀಮ್ ಅಂದರೆ ವೈದ್ಯ. ಹಲ್ಲುಪುಡಿಯಿಂದ ಮನೆಮಾತಾದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಲ್ಲಿ ಶುರುವಾದದ್ದೂ ಇದೇ ಊರಲ್ಲಿ. ಹಾಗಾಗಿ ಈ ಸೀಮೆಯವರು ಎಣ್ಣೆ, ಕಷಾಯ ನಂಬಿದರೆ ಆಶ್ಚರ್ಯವಿಲ್ಲ. ಬೆಚ್ಚನೆ ಎಣ್ಣೆಯನ್ನು ಹಗುರ ಕೈಯಲ್ಲಿ ನೀವಿದರೆ ಹಿತವೇ. ಆದರೆ ಓದಿದ ವೈದ್ಯರನ್ನೇ ಕಾಣಿ. ಮೈಸೂರಿನಲ್ಲಿ 1908ರಿಂದ ಸರಕಾರಿ ಆಯುರ್ವೇದ ಕಾಲೇಜು ಇದೆ. ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಮುಚ್ಚಿಡಬೇಡಿ. ಎರಡೂ ಕಡೆಯ ಡಾಕ್ಟರಿಗೆ ನೀವು ಏನೇನು ತಿನ್ನುತ್ತೀರಿ ಅನ್ನುವುದು ಗೊತ್ತಿರಲಿ.

ಹದಿನಾರಿನವರಿಗೆ ನಂಜನಗೂಡಿನ ತಾಲೂಕು ಆಸ್ಪತ್ರೆ ಹತ್ತಿರ, ಆಚೆ ಕಡೆಯವರಿಗೆ ತಿ.ನರಸೀಪುರದ್ದು. ಅಲ್ಲಿಂದ ಚೀಟಿ ಬರೆಸಿಕೊಂಡು ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಜನರ ಬಾಯಲ್ಲಿ ಕೆ.ಆರ್. ಆಸ್ಪತ್ರೆಗೆ ಹೋಗಬಹುದು. ಗುರುತಿನ ಕಾರ್ಡ್ ಇರುವ ಬೀಡಿ ಕಾರ್ಮಿಕರು 1976ರ ಕಲ್ಯಾಣ ನಿಧಿ ಕಾಯ್ದೆಯಂತೆ ಬಂದ ಔಷಧಾಲಯಗಳನ್ನು ಮರೆಯಬಾರದು. ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಕೇಂದ್ರ ಸರಕಾರದ ಆಸ್ಪತ್ರೆ ಇದೆ. ಕಾರ್ಡ್ ಎಷ್ಟೋ ಮನೆಗಳಲ್ಲಿ ಟ್ರಂಕಿನ ಅಡಿಯಲ್ಲಿ ಮಲಗಿದೆ, ಹೊರಗೆ ತೆಗೆಯಿರಿ. ತಿಂಗಳ ಮಾತ್ರೆಯ ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೆ ಐವತ್ತರ ಆಸುಪಾಸಿನಲ್ಲೇ ಈ ಆಮವಾತ ಹಿಡಿದಿತ್ತು. ಬೆರಳುಗಳು ಸೊಟ್ಟಗಾಗಿ ಅಂಗೈಗೆ ಚುಚ್ಚುತ್ತಿದ್ದವು, ಬಟ್ಟೆ ಸುತ್ತಿದ ಕೈಗೆ ಬೇರೆಯವರು ಕುಂಚ ಇಟ್ಟುಕೊಡುತ್ತಿದ್ದರು. 1919ರಲ್ಲಿ ಸಾಯುವವರೆಗೂ ಚಿತ್ರ ಬರೆದರು. ಅವರ ಕಾಲದಲ್ಲಿ ಔಷಧಿ ಇರಲಿಲ್ಲ. ಅವರ ಛಲ ದೊಡ್ಡದು, ನಿಜ. ಆದರೆ ಇಂದು ಔಷಧಿ ಇರುವಾಗಲೂ ನಮ್ಮ ಉಮ್ಮಂದಿರು ಆ ಛಲದ ಮೇಲೆಯೇ ದಿನ ದೂಡಬೇಕೆ?

ಹೆಂಗಸರು ತಮ್ಮ ನೋವನ್ನು ತಾವಾಗಿ ಹೇಳುವುದು ಅಪರೂಪ. ಆಸ್ಪತ್ರೆಗೆ ಹೋದರೆ ಒಂದು ದಿನದ ದುಡಿಮೆ ಹೋಯ್ತು, ಜತೆಗೆ ಬರುವವನ ಕೂಲಿಯೂ ಹೋಯ್ತು ಅನ್ನುವ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಹಾಗಾಗಿ ಕೇಳಬೇಕಾದವರು ನಾವು. ಲೋಟ ಕೈಜಾರುವುದು, ಸೀರೆಯ ಪಿನ್ನು ಮೊಮ್ಮಗಳಿಂದ ಹಾಕಿಸಿಕೊಳ್ಳುವುದು, ಬಾಟಲಿ ಮುಚ್ಚಳವನ್ನು ಸದ್ದಿಲ್ಲದೆ ನಿಮ್ಮ ಕೈಗೆ ಕೊಡುವುದು, ಇವೆಲ್ಲ ಅವರು ಬಾಯಿಬಿಟ್ಟು ಹೇಳದ ಮಾತುಗಳೇ. ಈ ವಾರ ಒಂದು ಬೆಳಗ್ಗೆ ಮನೆಯ ಹಿರಿಯರ ಎರಡೂ ಕೈಗಳನ್ನು ನಿಮ್ಮ ಕೈಯಲ್ಲಿ ತೆಗೆದುಕೊಳ್ಳಿ. ಮುಷ್ಟಿ ಕಟ್ಟಲು ಹೇಳಿ. ಪೂರ್ತಿ ಮಡಚಲು ಆಗದಿದ್ದರೆ, ಗೆಣ್ಣುಗಳ ನಡುವಿನ ಗುಳಿ ಊತದಲ್ಲಿ ಮುಚ್ಚಿಹೋಗಿದ್ದರೆ, ಮುಂದಿನ ವಾರದ ಒಂದು ದಿನದ ಕೂಲಿ ಹೋದರೂ ಚಿಂತಿಲ್ಲ, ಅವರನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗಿ. ಇಷ್ಟು ವರ್ಷ ಆ ಕೈ ನಮ್ಮನ್ನು ಸಾಕಿದೆ.